ಸಂಕವ್ವನ ಇಸ್ತ್ರಿ, ಓಬಯ್ಯನ ಡಂಗುರ

ಬಹಳ ಕಾಲದ ಹಿಂದೆ, ಬಿಳಿಗಲ್ಲು ಎಂಬ ರಾಜ್ಯದಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು. ಊರವರ ಮನೆ ಗುಡಿಸಿ ಸಾರಿಸುವುದು, ಬಟ್ಟೆಗೆ ಇಸ್ತ್ರಿ ಹಾಕುವುದು ಅವಳ ಕಸುಬು. ದೇವರು ಅವಳಿಗೆ ದುಡಿಯುವ ಕೈ ಕೊಟ್ಟಿದ್ದ, ಅವಳ ಗಂಡ ಓಬಯ್ಯನಿಗೆ ಬಾಯಿ ಕೊಟ್ಟಿದ್ದ. ಆ ಬಾಯಿಗೊಂದು ಅಗುಳಿ ಇಡುವುದನ್ನು ಮಾತ್ರ ಮರೆತಿದ್ದ.

ಆ ರಾಜ್ಯದಲ್ಲೊಂದು ಕಟ್ಟಳೆ ಇತ್ತು. ಡಂಗುರ ಸಾರಿದ ಮಾತು ನಡೆಯಲೇಬೇಕು. ನಡೆಯದಿದ್ದರೆ ಸಾರಿದವನು ಕತ್ತೆಯಾಗುತ್ತಿದ್ದ. ಅದಕ್ಕೇ ಜನ ಯೋಚಿಸಿ ಸಾರುತ್ತಿದ್ದರು. ಯೋಚಿಸದವರೂ ಇದ್ದರು, ಆ ಊರಲ್ಲಿ ಕತ್ತೆಗಳಿಗೆ ಬರವಿರಲಿಲ್ಲ.

ಒಂದು ದಿನ ಸಂಕವ್ವ ಹೇಳಿದಳು, "ಕೆಲಸ ಕಮ್ಮಿ ಆಗೈತೆ. ನಮ್ಮ ಕೇರೀಲಿ ಒಂದು ಸುತ್ತು ಡಂಗುರ ಸಾರಿ ಬಾ. ಮನೆ ಗುಡಿಸಿ ಕೊಡ್ತೀವಿ, ಇಸ್ತ್ರಿ ಹಾಕಿ ಕೊಡ್ತೀವಿ, ಅಷ್ಟೇ. ಜಾಸ್ತಿ ಮಾತು ಬೇಡ."

ಓಬಯ್ಯ ಹೋದ. ಕೇರಿ ದಾಟಿದ, ಊರು ದಾಟಿದ, ಬೆಟ್ಟ ಹತ್ತಿ ನಿಂತು ಡಂಗುರ ಬಾರಿಸಿದ. "ಕೇಳ್ರಪ್ಪೋ ಕೇಳಿ! ಯಾರ ಮನೆಯಾದರೂ ಸರಿ, ಯಾರ ಬಟ್ಟೆಯಾದರೂ ಸರಿ! ಒಂದು ಕಸ ಉಳಿಯಲ್ಲ, ಒಂದು ಸುಕ್ಕು ಉಳಿಯಲ್ಲ! ಮೊದಲ ಸಲ ಪುಕ್ಕಟೆ!"

ಮನೆಗೆ ಬಂದು ಅದನ್ನೇ ಎದೆಯುಬ್ಬಿಸಿ ಹೇಳಿದಾಗ ಸಂಕವ್ವ ಪೊರಕೆ ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತು ಕೂತಳು. "ಪುಕ್ಕಟೆ ಅಂತ ನಿನಗ್ಯಾರಯ್ಯಾ ಹೇಳಿದ್ದು? ದುಡಿಯೋಳು ನಾನೋ ನೀನೋ?"

"ಜನ ಬರಬೇಕಲ್ಲ ಕಣೇ," ಎಂದ ಓಬಯ್ಯ.

ಜನ ಬರಲಿಲ್ಲ. ಮೊದಲು ಬಂದವಳು ಬೆಟ್ಟದ ರಕ್ಕಸಿ. ಅವಳ ಸೀರೆಯ ಒಂದು ತುದಿ ಅಂಗಳದಲ್ಲಿ ಬಿತ್ತು, ಇನ್ನೊಂದು ತುದಿ ಕೆರೆಯ ಏರಿಯ ಮೇಲಿತ್ತು. "ಇಸ್ತ್ರಿ ಹಾಕು. ಪುಕ್ಕಟೆಯಂತೆ," ಎಂದಳು. ಸಂಕವ್ವ ತನ್ನ ಪುಟ್ಟ ಇಸ್ತ್ರಿಪೆಟ್ಟಿಗೆ ನೋಡಿದಳು, ಸೀರೆ ನೋಡಿದಳು, ಗಂಡನನ್ನು ನೋಡಿದಳು. ಅವನ ಕಿವಿ ಆಗಲೇ ಉದ್ದವಾಗುತ್ತಿತ್ತು.

"ನಿನ್ನ ಕಿವಿ ಹಿಂಡೋಕೆ ಈಗ ಸಲೀಸಾಯ್ತು," ಎಂದು ಗೊಣಗುತ್ತ ಅವಳು ಸೀರೆಗೆ ನೀರು ಚಿಮುಕಿಸಿ, ಮಡಿಸಿ ಮಡಿಸಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ಹಾಸಿದಳು. "ಇದರ ಮೇಲೆ ಮಲಕ್ಕೋ ತಾಯಿ. ಬಡವರ ಮನೇಲಿ ಹಾಸಿಗೆ ಅಡಿ ಇಟ್ಟೇ ಇಸ್ತ್ರಿ ಮಾಡೋದು." ರಕ್ಕಸಿ ಮಲಗಿ ಗೊರಕೆ ಹೊಡೆದಳು. ಎದ್ದಾಗ ಸೀರೆ ಹಪ್ಪಳದಂತೆ ಗರಿಗರಿಯಾಗಿತ್ತು. ಓಬಯ್ಯನ ಕಿವಿ ಸಣ್ಣದಾಯಿತು.

ಎರಡನೆಯದಾಗಿ ಬಂದದ್ದು ಏಳು ಹೆಡೆಯ ಸರ್ಪ. "ನನ್ನ ಹುತ್ತ ಗುಡಿಸಬೇಕು," ಎಂದಿತು. ಹುತ್ತದ ತುಂಬ ತಲೆತಲಾಂತರದ ಪೊರೆ. ಸಂಕವ್ವ ಅದನ್ನೆಲ್ಲ ಬಾಚಿ ಹೊರಹಾಕಿ, ನೆಲ ಸಾರಿಸಿದಳು. ಸಾರಿಸಿದ ಕಡೆಯೆಲ್ಲ ಸರ್ಪ ಹಿಂದಿನಿಂದ ಹರಿದಾಡಿ ಮಣ್ಣು ಮೆತ್ತಿತು. ಮತ್ತೆ ಸಾರಿಸಿದಳು, ಮತ್ತೆ ಹರಿದಾಡಿತು. ಹೊರಗೆ ಓಬಯ್ಯ ಕಿರುಚಿದ, "ಸಂಕೀ, ಬಾಲ ಬಂತು ಕಣೇ!"

ಸಂಕವ್ವನಿಗೆ ರೇಗಿಹೋಯಿತು. "ಹಸಿ ನೆಲದ ಮೇಲೆ ಓಡಾಡಬೇಡ ಅಂತ ನಿನಗೆ ಯಾರೂ ಹೇಳಿಕೊಟ್ಟಿಲ್ವಾ? ಏಳು ತಲೆ ಐತೆ, ಒಂದರಲ್ಲಾದರೂ ಬುದ್ಧಿ ಬೇಡ್ವಾ? ಹೋಗು, ಒಣಗೋವರೆಗೂ ಆ ಮರದ ಮೇಲಿರು!" ಸರ್ಪಕ್ಕೆ ಜನ್ಮದಲ್ಲಿ ಯಾರೂ ಹೀಗೆ ಬೈದಿರಲಿಲ್ಲ. ಏಳೂ ಹೆಡೆ ತಗ್ಗಿಸಿ ಮರ ಹತ್ತಿತು. ನೆಲ ಒಣಗಿತು, ಬಾಲ ಉದುರಿತು.

ಮೂರನೆಯವನಾಗಿ ಬಂದವನು ಮಾಂತ್ರಿಕ ಭಸ್ಮಾಕ್ಷ. ರಾಜನ ಮಗಳನ್ನು ಕದ್ದು ಏನು ಮಾಡಿದನೋ ಯಾರಿಗೂ ತಿಳಿಯದು. ಅವನ ಹೆಸರು ಹೇಳಿದರೆ ಸೈನ್ಯವೇ ನಡುಗುತ್ತಿತ್ತು. ಅಂಥವನು ಪುಕ್ಕಟೆ ಎಂಬ ಮಾತಿಗೆ ಮನೆಬಾಗಿಲಿಗೆ ಬಂದು ನಿಂತಿದ್ದ.

"ನನ್ನ ಮನೆಯೆಲ್ಲ ಗುಡಿಸಬೇಕು, ಇದ್ದಬದ್ದ ಬಟ್ಟೆಗೆಲ್ಲ ಇಸ್ತ್ರಿ ಹಾಕಬೇಕು. ದೀಪ ಹಚ್ಚುವ ಹೊತ್ತಿಗೆ ಒಂದು ಸುಕ್ಕು ಉಳಿದರೂ ನಿನ್ನ ಗಂಡ ಕತ್ತೆ, ನೀನು ನನ್ನ ಮನೆಯ ಆಳು," ಎಂದು ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ದು ಬಟ್ಟೆಯ ರಾಶಿ ತೋರಿಸಿದ.

ಸಂಕವ್ವ ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದಳು. "ಗಂಟುಗಿಂಟು ಬಿಚ್ಚಿ ನೋಡಿಕೊಂಡು ಬಟ್ಟೆ ಕೊಡಿ ಸ್ವಾಮಿ. ಆಮೇಲೆ ಅದು ಹೋಯ್ತು, ಇದು ಹೋಯ್ತು ಅಂತ ಬರಬೇಡಿ."

"ಪುಕ್ಕಟೆ ಕೆಲಸಕ್ಕೆ ಮಾತು ಬೇರೆ! ಎಲ್ಲವನ್ನೂ ಮಾಡು," ಎಂದು ರಾಶಿಯನ್ನು ಕಾಲಿನಿಂದ ನೂಕಿದ.

ಅವಳು ಗುಡಿಸಿದಳು, ಜೇಡರಬಲೆ ತೆಗೆದಳು, ಸಾರಿಸಿದಳು. ಗೋಡೆಯ ಮೇಲೊಂದು ಬಡಕಲು ಹಲ್ಲಿ ಅವಳನ್ನೇ ನೋಡುತ್ತಿತ್ತು. ಆಮೇಲೆ ಕೆಂಡ ತುಂಬಿ ಇಸ್ತ್ರಿಗೆ ಕೂತಳು. ಬಟ್ಟೆಯ ಗುಡ್ಡ ಕರಗಿತು. ಕೊನೆಗೊಂದು ಕರಿ ಶಾಲು ಉಳಿಯಿತು. ಅದರ ಅಂಚಿನಲ್ಲೊಂದು ಸುಕ್ಕು. ಉಜ್ಜಿದಳು, ಹೋಯಿತು. ಪೆಟ್ಟಿಗೆ ಎತ್ತಿದಳು, ಮತ್ತೆ ಬಂತು. ಹೊರಗೆ ಹೊತ್ತು ಇಳಿಯುತ್ತಿತ್ತು. ಓಬಯ್ಯ "ಸಂಕೀ" ಎಂದು ಕರೆಯಲು ಹೋಗಿ ಕತ್ತೆಯಂತೆ ಅರಚಿದ. ಅವಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಬಾಯಿಬಡುಕನೇ ಆದರೂ ಅವಳಿಗಿದ್ದವನು ಅವನೊಬ್ಬನೇ.

"ಥೂ, ಏನೈತೋ ಈ ಸುಕ್ಕಲ್ಲಿ! ಈ ಮಾಂತ್ರಿಕನ ಪ್ರಾಣವೇ ಇರಬೇಕು!" ಎಂದು ಗೊಣಗಿದಳು.

ಗೋಡೆಯ ಮೇಲಿನ ಹಲ್ಲಿ ಲೊಚ್ ಲೊಚ್ ಎಂದಿತು.

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ, ಅದು ಯಾರಿಗೆ ಗೊತ್ತಿಲ್ಲ? ಸಂಕವ್ವ "ಕೃಷ್ಣ ಕೃಷ್ಣ" ಎಂದು ಬೆರಳಿನಿಂದ ನೆಲ ತಟ್ಟಿದಳು. ಆಮೇಲೆ ಸುಮ್ಮನೆ ಎದ್ದು ಹೊಸ ಕೆಂಡ ತುಂಬಿದಳು, ಊದಿದಳು, ಸುಕ್ಕಿನ ಮೇಲೆ ನೀರು ಚಿಮುಕಿಸಿದಳು.

ಭಸ್ಮಾಕ್ಷ ಶಾಲನ್ನು ಆಗ ನೋಡಿದ. "ಅದು ಬೇಡ! ಅದೊಂದು ಬಿಡು! ಅದು ರಾಶಿಗೆ ಹೇಗೆ ಬಂತು?"

"ನೋಡಿಕೊಂಡು ಕೊಡಿ ಅಂದಿದ್ದೆ."

"ನಿನ್ನ ಗಂಡನನ್ನು ಬಿಡುತ್ತೇನೆ, ನಿನ್ನನ್ನೂ ಬಿಡುತ್ತೇನೆ. ಆ ಒಂದು ಸುಕ್ಕು ಬಿಡು ತಾಯಿ!"

"ಹೆಂಗೆ ಬಿಡಲಿ ಸ್ವಾಮಿ? ಒಂದು ಸುಕ್ಕೂ ಉಳಿಯಲ್ಲ ಅಂತ ನನ್ನ ಗಂಡ ಡಂಗುರ ಸಾರವ್ನೆ," ಎಂದು ಸಂಕವ್ವ ಪೆಟ್ಟಿಗೆಯನ್ನು ಒತ್ತಿ ಹಿಡಿದಳು.

ಚುಸ್ ಎಂದು ಆವಿ ಎದ್ದಿತು. ಸುಕ್ಕು ಮತ್ತೆ ಬರಲಿಲ್ಲ. ಭಸ್ಮಾಕ್ಷ ನಿಂತಲ್ಲೇ ಒಂದು ಹಿಡಿ ಬೂದಿಯಾದ. "ಈಗ ತಾನೇ ಸಾರಿಸಿದ ನೆಲ," ಎಂದು ಗೊಣಗುತ್ತ ಅವಳು ದೀಪ ಹಚ್ಚುವ ಮೊದಲೇ ಅದನ್ನು ಗುಡಿಸಿ ತಿಪ್ಪೆಗೆ ಹಾಕಿದಳು. ದೀಪ ಹಚ್ಚಿದ ಮೇಲೆ ಕಸ ಹೊರಹಾಕುವ ಹಾಗಿಲ್ಲವಲ್ಲ.

ಹಲ್ಲಿ ಗೋಡೆಯಿಂದಿಳಿದು ರಾಜಕುಮಾರಿಯಾಯಿತು. ಓಬಯ್ಯ ಮತ್ತೆ ಎರಡು ಕಾಲಿನ ಮೇಲೆ ನಿಂತ. ರಾಜ ಕುಣಿದಾಡಿದ, ಅರಮನೆಯ ಬಟ್ಟೆಯ ಇಸ್ತ್ರಿಯೆಲ್ಲ ಇನ್ನು ಸಂಕವ್ವನಿಗೇ ಎಂದ. "ಪುಕ್ಕಟೆ ಅಲ್ಲ ತಾನೇ?" ಎಂದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಅವಳು ಒಪ್ಪಿದಳು.

ಮರುದಿನ ಓಬಯ್ಯ ಅರಮನೆಯ ಮುಂದೆ ಡಂಗುರ ಬಾರಿಸಿದ. "ಸಂಕವ್ವ ಮನೆ ಗುಡಿಸ್ತಾಳೆ. ಇಸ್ತ್ರಿ ಹಾಕ್ತಾಳೆ. ಕಾಸು ತಗೋತಾಳೆ." ಇನ್ನೊಂದು ಮಾತು ಸೇರಿಸಲು ಬಾಯಿ ತೆರೆದ. ಕಿವಿ ತುರಿಸಿತು. ಬಾಯಿ ಮುಚ್ಚಿದ.

ಉಪ್ಪರಿಗೆಯಲ್ಲಿ ನಿಂತಿದ್ದ ರಾಜಕುಮಾರಿ ಹಳೆಯ ಅಭ್ಯಾಸಕ್ಕೆ ಲೊಚ್ ಎಂದಳು.

ಅವರ ಮನೆ ಚೊಕ್ಕಟವಾಯಿತು, ಬಾಳೂ ನೆಟ್ಟಗಾಯಿತು. ಏಳಿ ಇನ್ನು, ನಾವು ಕೂತ ಜಾಗ ಗುಡಿಸುವುದಿದೆ.