ತುದಿಗೆ ನಿಂತವರು

2025ರ ಮೇ 19, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಹೊನ್ನಾವರ ಠಾಣೆಗೆ ದೂರು ಹಿಡಿದು ಇಬ್ಬರು ಬಂದರು. ಒಬ್ಬ, ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಅರುಣ. ಇನ್ನೊಬ್ಬಳು ಅವನ ಗಿರಾಕಿ ಚಂದನಾ. ಮದುವೆಯಾಗಿ ತಿಂಗಳು ಕಳೆದಿತ್ತಷ್ಟೆ. ಮದುವೆಯ ಮರುವಾರವೇ ಅಪ್ಪ ಎದೆನೋವಿನಿಂದ ತೀರಿಕೊಂಡಿದ್ದರು. ಕೈಬಳೆಯ ಹಸಿರು ಇನ್ನೂ ಮಾಸಿರಲಿಲ್ಲ.

“ಏನು ಕಳುವಾಯ್ತು?” ಪಿಎಸ್‌ಐ ವಿನುತಾ ಕೇಳಿದಳು.

“ಇವರ ಮದುವೆ ಆಲ್ಬಮ್, ಮೇಡಂ, ಶನಿವಾರ ನನ್ನ ಸ್ಟುಡಿಯೋದಿಂದ. ಪೆನ್‌ಡ್ರೈವ್ ಸಮೇತ,” ಅಂದ ಅರುಣ.

“ಇನ್ನೊಂದು ಪ್ರಿಂಟ್ ಹಾಕಿಕೊಡಿ.”

ಅರುಣ ನೆಲ ನೋಡಿದ. ಮೇ ತಿಂಗಳ ಮದುವೆಗಳ ಭರಾಟೆಯಲ್ಲಿ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಆಲ್ಬಮ್ ಮುಗಿಯಿತಲ್ಲ ಎಂದು ಎಲ್ಲ ಅಳಿಸಿಬಿಟ್ಟಿದ್ದ. ಪ್ರಿಂಟ್ ಹಾಕಿದ ಲ್ಯಾಬಿನವರ ಹತ್ತಿರವೂ ಉಳಿದಿರಲಿಲ್ಲ.

“ಮೊಬೈಲಲ್ಲಿ ಎಲ್ರೂ ಮದುಮಕ್ಕಳ ಫೋಟೋನೇ ತೆಗ್ದಿದ್ರು, ಮೇಡಂ,” ಚಂದನಾ ಹೇಳಿದಳು. “ಅಪ್ಪನ ಆಧಾರ್ ಕಾರ್ಡಿನ ಫೋಟೋಕ್ಕೆ ಹಾರ ಹಾಕಿಟ್ಟಿದ್ದೇವೆ. ಅಪ್ಪ ನಗ್ತಿರೂದು ಆ ಆಲ್ಬಮ್‌ನಲ್ಲಿ ಮಾತ್ರ. ಮೂರು ಸ್ಟುಡಿಯೋ ಅಲೆದು ಇವರನ್ನ ಆರಿಸಿದ್ದೂ ಅಪ್ಪನೇ. ಚಲೋ ಆರಿಸ್ದ!”

ಬಿಎನ್‌ಎಸ್ ಕಲಂ 305ರ ಅಡಿ ಕಳವಿನ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಟುಡಿಯೋದಲ್ಲಿ ಪಂಚನಾಮೆ. ಪಕ್ಕದ ದರ್ಜಿ, ಎದುರಿನ ಚಹಾ ಅಂಗಡಿಯವನು ಪಂಚರು. ಆಲ್ಬಮ್ ಇದ್ದ ಮೇಜಿನ ಮೇಲೆಯೇ ಎರಡು ಲಕ್ಷದ ಕ್ಯಾಮೆರಾ ಇತ್ತು. ಕಳ್ಳ ಅದನ್ನು ಮುಟ್ಟಿರಲಿಲ್ಲ.

“ಬಾಳ ಸಂಭಾವಿತ ಕಳ್ಳ, ಮೇಡಂ,” ಅಂದ ಹೆಡ್ ಕಾನ್‌ಸ್ಟೆಬಲ್ ವೆಂಕಟ್ರಮಣ.

“ಶನಿವಾರ ಯಾರು ಬಂದಿದ್ದರು?” ವಿನುತಾ ಅರುಣನನ್ನು ಕೇಳಿದಳು.

“ಪಾಸ್‌ಪೋರ್ಟ್ ಫೋಟೋಕ್ಕೆ ಒಂದು ಸಂಸಾರ. ಮತ್ತೊಬ್ಬರು ಹಿರಿಯರು, ಮಗಳ ಮದುವೆಗೆ ಫೋಟೋಗ್ರಾಫರ್ ನೋಡೂಕೆ ಬಂದವರು.”

“ಏನು ಕೇಳಿದರು?”

“ಅದೇ ಸೋಜಿಗ. ರೇಟ್ ಕೇಳ್ಲಿಲ್ಲ, ಡ್ರೋನ್ ಉಂಟಾ ಕೇಳ್ಲಿಲ್ಲ. ‘ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತವರನ್ನ ಕತ್ತರಿಸ್ತ್ರಾ?’ ಅಂದ್ರು.”

“ನೀವೇನಂದಿರಿ?”

“ಕತ್ತರಿಸೂದೆಂತಕೆ, ಮಾಯನೇ ಮಾಡ್ತೆ ಅಂದೆ. ಚಂದನಾ ಅವರ ಆಲ್ಬಮ್ ತೆಗ್ದು ತೋರಿಸ್ದೆ. ಅದ್ರಲ್ಲಿ ಅವರ ಅಪ್ಪನ ಪಕ್ಕ ಒಬ್ರು ನಿಂತಿದ್ರು. ಯಾರಿಗೂ ಗುರ್ತಿಲ್ಲ. ಮದುಮಗನ ಅಣ್ಣ ತೆಗೀರಿ ಅಂದ. ಅವರನ್ನ ತೆಗ್ದು ಅಲ್ಲೊಂದು ಹೂಕುಂಡ ಕೂರಿಸ್ದೆ. ಒರಿಜಿನಲ್ ಪೆನ್‌ಡ್ರೈವಲ್ಲಿ ಇತ್ತು ಅಂತಲೂ ಹೇಳ್ದೆ. ಒಳಗೆ ಫೋಟೋ ತೆಗ್ದು ಬರೂದ್ರೊಳಗೆ ಅವರೂ ಇಲ್ಲ, ಆಲ್ಬಮ್ಮೂ ಇಲ್ಲ.”

“ಮುಖ ಹೇಗಿತ್ತು?”

ಅರುಣ ಕಣ್ಣು ಮುಚ್ಚಿ ಯೋಚಿಸಿದ. “ಬಿಳಿ ಶರ್ಟು. ಮುಖ... ಎಲ್ರ ಹಂಗೇ, ಮೇಡಂ.”

ಎದುರಂಗಡಿಯ ಸಿಸಿಟಿವಿಯಲ್ಲೂ ಮುಖ ಸಿಗಲಿಲ್ಲ. ಬಿಸಿಲಿಗೆ ಬಿಡಿಸಿದ ಕೊಡೆ, ಕೈಯಲ್ಲಿ ಭಾರದ ಬಟ್ಟೆಚೀಲ. ಕೊಡೆ ಮೆಲ್ಲಗೆ ನಡೆದು ಭಟ್ಕಳದ ಬಸ್ಸು ಹತ್ತಿತು. ಮೈಗೆ ಮಂತ್ರದ ಸೊಪ್ಪು ಸವರಿಕೊಂಡು ಅರಮನೆಯೊಳಗೆ ಕಾಣದಂತೆ ಓಡಾಡುವವನೊಬ್ಬ ವಿನುತಾ ಚಿಕ್ಕಂದಿನಲ್ಲಿ ಕೇಳಿದ ಅಜ್ಜಿಯ ಕತೆಯಲ್ಲಿದ್ದ. ಅವನಿಗೆ ಅಲ್ಲಿ ಮಾತಾಡಲು ಯಾರು ಸಿಗುತ್ತಿದ್ದರು ಎಂದು ಅವಳು ಅಜ್ಜಿಯನ್ನು ಕೇಳಿರಲಿಲ್ಲ.

ಮರುದಿನ ಭಟ್ಕಳ, ಕುಮಟಾದ ಸ್ಟುಡಿಯೋಗಳಲ್ಲಿ ವಿಚಾರಣೆ. ಹೋದಲ್ಲೆಲ್ಲ ಆ ಬಿಳಿ ಶರ್ಟಿನವರು ಬಂದು ಹೋಗಿದ್ದರು. ಒಂದು ಕಡೆ ಮಗಳ ಮದುವೆ, ಇನ್ನೊಂದು ಕಡೆ ತಂಗಿಯ ಮಗಳದ್ದು. ಕೇಳಿದ ಪ್ರಶ್ನೆ ಮಾತ್ರ ಒಂದೇ. ಕುಮಟಾದ ಫೋಟೋಗ್ರಾಫರ್, ಅವರು ಯಾವ ಆಲ್ಬಮ್ ನೋಡಿದರೆಂದು ತೋರಿಸಲು ಪುಟ ಮಗುಚುತ್ತಿದ್ದವನು ತಟ್ಟನೆ ಕೈ ನಿಲ್ಲಿಸಿದ.

“ಅರೆ! ಇವ್ರೇ ಅಲ್ದಾ? ಇದೇ ಮದುವೆಯಲ್ಲಿ ಇದ್ರು!”

ಗುಂಪಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದರು. ಇನ್ನೊಂದು ಆಲ್ಬಮ್ ತೆರೆದರೆ ಅಲ್ಲೂ ಅವರೇ. ವಿನುತಾ ಮೊದಲ ಆಲ್ಬಮ್ಮಿನ ಎರಡೂ ಮನೆಯವರಿಗೆ ಫೋಟೋ ಕಳಿಸಿ ಫೋನ್ ಮಾಡಿಸಿದಳು. ಹೆಣ್ಣಿನ ಮನೆಯವರು, “ಅವ್ರು ಗಂಡಿನ ಕಡೆಯವರು” ಅಂದರು. ಗಂಡಿನ ಮನೆಯವರು, “ಹೆಣ್ಣಿನ ಕಡೆಯವರಲ್ದಾ? ಬಾಳ ಮಾತಾಡ್ಸಿದ್ರಪ್ಪ” ಅಂದರು.

ಆ ಫೋಟೋ ಹಿಡಿದು ವೆಂಕಟ್ರಮಣ ಮದುವೆ ಹಾಲ್‌ಗಳನ್ನು ಸುತ್ತಿದ. ಶಿರಾಲಿಯಲ್ಲಿ ಅಡುಗೆಯ ಸೋಮ ನೋಡಿದ್ದೇ ನಕ್ಕ.

“ಹೆಬಳೆಯ ಶನಿಯಾರಣ್ಣ! ಮುಹೂರ್ತ ಇದ್ದಲ್ಲೆಲ್ಲ ಇರ್ತ್ರು. ಬರೀ ಉಂಡ್ಕಂಡು ಹೋಗೂರಲ್ಲ, ಪಾಪ. ತೆಂಗಿನಕಾಯಿ ಹೆರ್ದು ಕೊಡ್ತ್ರು, ನೀರು ಬಡಿಸ್ತ್ರು. ಯಾರೂ ನೀ ಯಾರು ಅಂತ ಕೇಳೂದಿಲ್ಲ.”

ಮೇ 21, ಬುಧವಾರ, ಮಧ್ಯಾಹ್ನ ಮೂರು ಗಂಟೆ. ಹೆಬಳೆಯ ಒಂದು ಕೋಣೆಯ ಬಾಡಿಗೆ ಮನೆ. ಶನಿಯಾರ ನಾಯ್ಕ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಇದ್ದೊಂದೇ ಕುರ್ಚಿಯನ್ನು ಒರೆಸಿ ಮುಂದಿಟ್ಟರು.

“ಆಲ್ಬಮ್ ಎಲ್ಲಿದೆ?”

ಹೊಸ ಪಂಚೆಯಲ್ಲಿ ಸುತ್ತಿದ್ದನ್ನು ಪೆಟ್ಟಿಗೆಯಿಂದ ತೆಗೆದರು. ಪೆನ್‌ಡ್ರೈವ್ ಜತೆಗೇ ಇತ್ತು.

“ಇದನ್ನ ಹಾಕಿ ನೋಡಿದಿರಾ?”

“ಹೆಂಗೆ ನೋಡೂದು, ತಂಗಿ? ನನ್ನ ಹತ್ರ ಕಂಪ್ಯೂಟರ್ ಎಲ್ಲಿತ್ತು?”

“ಮತ್ತೆ ಯಾಕೆ ತಂದಿರಿ?”

“ಅದ್ರೊಳಗೆ ಇದ್ದೆ ಅಂದ್ರಲ್ಲ, ಅದಕ್ಕೆ.”

“ಮಗಳ ಮದುವೆ ಅಂದಿದ್ದು?”

“ಮದುವೆನೇ ಆಗ್ಲಿಲ್ಲ, ಮಗಳು ಎಲ್ಲಿಂದ? ಆದ್ರೆ ಫೋಟೋದವರನ್ನ ಆರಿಸೂಕೆ ಹೋದ್ರೆ ಕೂರ್ಸಿ ಮಾತಾಡ್ತ್ರು. ಹುಡುಗಿ ಹೆಸರೆಂತ, ಎಷ್ಟು ಜನ ಆಗ್ತ್ರು, ಎಲ್ಲ ಕೇಳ್ತ್ರು.”

ಚಿಕ್ಕಂದಿನಲ್ಲೇ ಮುಂಬಯಿಯ ಕ್ಯಾಂಟೀನು ಸೇರಿ, ತಲೆ ನರೆತ ಮೇಲೆ ಊರಿಗೆ ಬಂದವರು ಅವರು. ಅಷ್ಟರಲ್ಲಿ ಅವರ ಗುರುತಿನವರು ಯಾರೂ ಊರಲ್ಲಿ ಉಳಿದಿರಲಿಲ್ಲ.

“ನೀವು ಎಷ್ಟೋ ಮದುವೆಗೆ ಹೋಗಿದ್ದೀರಿ. ಇದೇ ಆಲ್ಬಮ್ ಯಾಕೆ?”

“ಬೇರೆ ಕಡೆಯೆಲ್ಲ ನಾನೇ ಹೋಗಿ ನಿಂತದ್ದು. ಇಲ್ಲಿ ಹುಡುಗಿ ಅಪ್ಪ ಕರ್ದ್ರು. ‘ಅಲ್ಲೆಂತಕೆ ನಿಂತ್ರಿ? ಬನ್ನಿ, ಫೋಟೋಕ್ಕೆ ಬನ್ನಿ’ ಅಂತ ಕೈ ಹಿಡ್ದು ಎಳ್ಕಂಡು ಹೋದ್ರು. ಸ್ಟುಡಿಯೋದಲ್ಲಿ ನೋಡ್ದೆ. ಅವ್ರು ಹೂಕುಂಡ ಹಿಡ್ಕಂಡು ನಗ್ತಿದ್ರು. ಆ ಸ್ಟುಡಿಯೋ ಹುಡುಗನ ಎದುರಿಗೇ ಕೂತಿದ್ದೆ, ತಂಗಿ. ಅವಂಗೆ ನನ್ನ ಗುರ್ತೇ ಸಿಗ್ಲಿಲ್ಲ.”

ಸಂಜೆ ಠಾಣೆಯ ಕಂಪ್ಯೂಟರಿನಲ್ಲಿ ಚಂದನಾ ಆ ಒರಿಜಿನಲ್ ಫೋಟೋ ನೋಡಿದಳು. ಅಪ್ಪ ಬಾಯಿ ತುಂಬ ನಗುತ್ತ ಪಕ್ಕದವರ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದರು. ಅವಳು ಅಪ್ಪನ ಮುಖವನ್ನು ದೊಡ್ಡದು ಮಾಡಿ, ಮಾಡಿ ನೋಡಿದಳು. ದೊಡ್ಡದಾದಂತೆ ಪಕ್ಕದವರು ಪರದೆಯಿಂದ ಆಚೆ ಸರಿದು ಹೋದರು.

“ಅವರು ಈಗ ಚಲೋ ಇದ್ರಾ, ಮಗಾ, ನಿನ್ನ ಅಪ್ಪ?” ಬೆಂಚಿನಿಂದ ಶನಿಯಾರ ನಾಯ್ಕ ಕೇಳಿದರು.

“ತೀರಿಕೊಂಡ್ರು,” ಚಂದನಾ ತಿರುಗದೆ ಹೇಳಿದಳು.

ವಸ್ತುಗಳನ್ನು ಕೋರ್ಟಿನ ಮೂಲಕ ಬಿಡಿಸಿಕೊಳ್ಳಬೇಕೆಂದು ತಿಳಿದುಕೊಂಡು ಚಂದನಾ ಹೊರಟುಹೋದಳು.

ಬಂಧನದ ಕಾಗದ ಸಿದ್ಧವಾಯಿತು. “ಬಂಧನವಾದದ್ದನ್ನು ನಿಮ್ಮವರು ಯಾರಿಗಾದರೂ ತಿಳಿಸಬೇಕು. ಕಾನೂನು. ಯಾರಿಗೆ ಹೇಳಲಿ?” ವಿನುತಾ ಕೇಳಿದಳು.

“ಶಿರಾಲಿ ಹಾಲ್‌ನ ಅಡುಗೆ ಸೋಮಂಗೆ ಹೇಳಿ.”

ವಿನುತಾ ಹೊರಗೆ ಜಗಲಿಗೆ ಬಂದು ಫೋನ್ ಮಾಡಿದಳು. ಆ ಕಡೆ ಪಾತ್ರೆಯ ಸದ್ದು. “ಅಯ್ಯೋ, ನಂಗೆಂತಕೆ, ಮೇಡಂ? ಅವರು ನಂಗೆ ಸಂಬಂಧದಲ್ಲಿ ಎಂತಾ ಆಗೂದಿಲ್ಲ,” ಅಂದು ಸೋಮ ಫೋನಿಟ್ಟ.

ಒಳಗೆ ಬಂದು ಅವಳು ಸಮಯ ಬರೆದಳು: 6.40.

“ಎಂತ ಅಂದ?” ಶನಿಯಾರ ನಾಯ್ಕ ಕತ್ತೆತ್ತಿ ಕೇಳಿದರು.

“ಹುಷಾರಾಗಿರಿ ಅಂತ ಹೇಳೋಕೆ ಹೇಳಿದ.”

“ಹೌದಾ? ಆತು,” ಅಂದು ಅವರು ಪೆನ್ನು ತೆಗೆದುಕೊಂಡು ಸಹಿ ಹಾಕಿದರು.