ಬೀಜಕ್ಕಿಟ್ಟ ಸೌತೆಕಾಯಿ

ನಾರು ಬಿಚ್ಚಿ ನೋಡಿದರೆ ಒಳಗೆ ಸೌತೆಕಾಯಿ ಇಲ್ಲ! ಮರಳು ತುಂಬಿಸಿದ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು.

ವಾರಿಜಾಕ್ಷಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶೆಡ್ಡಿನ ನೆಲದಲ್ಲೇ ಕುಳಿತುಬಿಟ್ಟಳು. ಕೂಗಲಿಲ್ಲ, ಅಳಲಿಲ್ಲ.

"ಅಮ್ಮನ ಬೀಜ," ಎಂದಳು. "ಯಾರು ಕೊಂಡೋದದ್ದು ನನ್ನ ಅಮ್ಮನ ಬೀಜ?"

ನಾನು ಶರ್ಮಿಳಾ, ಸೌದಿ ಅರೇಬಿಯಾದ ಹಾಯಿಲ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಶುಕ್ರವಾರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ, ಸಾಲೆಹಾ ಅಕ್ಕನ ಕಾರು ಹತ್ತಿ ಈ ತೋಟಕ್ಕೆ ಬರುವುದು ನನ್ನ ರೂಢಿ. ನಿದ್ದೆಗಣ್ಣಿಗೆ ಈ ಜಾಗ ಯಾವಾಗಲೂ ಕನಸೇ. ಆಳದ ಬಾವಿಯ ನೀರು ಬೆಚ್ಚಗೆ ಹೊರಬಂದು ತಂಪುಗಾಳಿಯಲ್ಲಿ ಹಬೆಯಾಗುತ್ತದೆ. ಆ ಹಬೆಯಲ್ಲಿ ಬದನೆಯ ಸಾಲು, ಖರ್ಜೂರದ ಮರ, ದೂರದ ಕೆಂಪು ಗುಡ್ಡ ಎಲ್ಲವೂ ಸ್ವಲ್ಪ ಸ್ವಲ್ಪ ಕರಗಿದ ಹಾಗೆ ಕಾಣುತ್ತವೆ. ಇಲ್ಲಿ ಕಳ್ಳತನ ನಡೆಯುತ್ತದೆ ಎಂದರೆ ಆ ಬೆಳಿಗ್ಗೆಯೂ ನನಗೆ ನಂಬಿಕೆ ಬರಲಿಲ್ಲ.

ತೋಟ ಮುಸ್‌ಅಬ್ ಎಂಬ ಹಾಯಿಲ್‌ನವರದ್ದು. ಅದರ ಮೂಲೆಯ ತುಂಡು ಜಾಗದಲ್ಲಿ ತರಕಾರಿ ಬೆಳೆದು ಬದುಕುವವರು ನೋಣಯಣ್ಣ ಮತ್ತು ಅವರ ಹೆಂಡತಿ ವಾರಿಜಾಕ್ಷಿ. ಅಂಗಡಿಯಿಂದ ಬರುವುದು ಅಕ್ಕಿ, ಉಪ್ಪು, ತೆಂಗಿನಕಾಯಿ. ಉಳಿದದ್ದೆಲ್ಲ ಮಣ್ಣಿನದ್ದೇ. ಸೌತೆಯ ಸಿಪ್ಪೆ ಚಟ್ನಿಗೆ, ತಿರುಳು ತಂಬುಳಿಗೆ, ಪಾತ್ರೆ ತೊಳೆದ ನೀರು ಬಸಳೆಯ ಬುಡಕ್ಕೆ. ನಿಮ್ಮ ಮನೆಯಲ್ಲಿ ಕಸದ ಬುಟ್ಟಿಗೆ ಉಪವಾಸ ಎಂದು ನಾನು ಗೇಲಿ ಮಾಡುತ್ತಿದ್ದೆ.

ಕರಾವಳಿಯ ನಮ್ಮ ಊರಿನಲ್ಲಿ ತಿಂಗಳುಗಟ್ಟಲೆ ಕೆಡದ ಸಾಂಬಾರು ಸೌತೆಕಾಯಿಯನ್ನು ಬೀಜಕ್ಕೆಂದು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕುತ್ತಾರಲ್ಲ, ಇಲ್ಲಿ ಖರ್ಜೂರದ ನಾರು. ಒಣಗಾಳಿ ತಾಗದ ಹಾಗೆ ಪೂರ್ತಿ ಸುತ್ತಿ ಶೆಡ್ಡಿನ ತೊಲೆಗೆ ಕಟ್ಟಿದರೆ, ಬಿಚ್ಚುವುದು ಬಿತ್ತನೆಯ ದಿನವೇ. ಈ ಬೀಜ ವಾರಿಜಾಕ್ಷಿಯ ತಾಯಿಯ ಹಿತ್ತಿಲಿನದ್ದು. ಹಿತ್ತಿಲು ಹೆದ್ದಾರಿಯ ಅಡಿಗೆ ಹೋಯಿತು. ತಾಯಿ ಕಳೆದ ಮಳೆಗಾಲದಲ್ಲಿ ತೀರಿಹೋದರು. ಉಳಿದದ್ದು ತೊಲೆಯಲ್ಲಿ ತೂಗುತ್ತಿದ್ದ ಆ ಒಂದೇ ಕಾಯಿ. ಈಗ ಅದೂ ಇಲ್ಲ.

ಸಾಲೆಹಾ ಅಕ್ಕ ಬಾಟಲಿಯನ್ನು ಕೈಗೆತ್ತಿಕೊಂಡು ತೂಗಿ ನೋಡಿದರು. ಭಟ್ಕಳದವರು. ಗಂಡ ಮೊಹಿದ್ದೀನ್ ಸಾಹೇಬರಿಗೆ ಹಾಯಿಲ್‌ನಲ್ಲಿ ತರಕಾರಿ ಅಂಗಡಿ. ಯಾರ ಮನೆಯಲ್ಲಿ ಏನು ಕಳೆದರೂ ಮೊದಲ ಫೋನು ಹೋಗುವುದು ಅವರಿಗೆ, ಪೊಲೀಸರ ಸರದಿ ಆಮೇಲೆ.

"ಯಾರ ಮೇಲೆ ಸಂಶಯ?"

"ಖತೀಜಮ್ಮ!" ವಾರಿಜಾಕ್ಷಿ ಥಟ್ಟನೆ ಹೇಳಿದಳು. "ಎರಡು ಸಲ ಬೀಜ ಕೇಳಿದ್ರು. ನಾನು ಕೊಡ್ಲಿಲ್ಲ."

"ಯಾಕೆ ಕೊಡ್ಲಿಲ್ಲ?"

"ಇದ್ದದ್ದೇ ಒಂದು ಕಾಯಿ ಅಕ್ಕ. ಒಂದು ಕಾಯಲ್ಲಿ ಬೇಕಾದಷ್ಟು ಬೀಜ ಉಂಟು, ಎರಡನೆಯದ್ದು ಯಾಕೆ ದಂಡ ಅಂತ ಉಳಿದದ್ದೆಲ್ಲ ಸಾಂಬಾರಿಗೆ ಹಾಕಿದ್ದೆ."

ಖತೀಜಮ್ಮ ಪಕ್ಕದ ತೋಟದ ಮನೆಯಲ್ಲಿ ಅಡುಗೆ ಮಾಡುವ ಉಳ್ಳಾಲದ ಬ್ಯಾರಿ ಹೆಂಗಸು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದವರು ಮಾತು ಕೇಳಿ ಇತ್ತಲೇ ಬಂದಿದ್ದರು.

"ನೀವು ಬೀಜ ಕೇಳಿದ್ದು ಹೌದಾ?" ಎಂದರು ಸಾಲೆಹಾ ಅಕ್ಕ.

"ಹೌದು. ಒಣಸಿಗಡಿ ಹಾಕಿ ಸೌತೆಕಾಯಿ ಗಸಿ ತಿನ್ಲಿಕ್ಕೆ ಆಸೆ ಇತ್ತು. ಅದು ತಪ್ಪಾ?"

"ಶೆಡ್ಡಿಗೆ ಬಂದದ್ದುಂಟಾ?"

"ದಿನಾ ಬರ್ತೇನೆ. ಇವಳಿಗೆ ಜ್ವರ ಬಂದಾಗ ಗಂಜಿ ತಂದದ್ದು ಯಾರು?" ಖತೀಜಮ್ಮನ ದನಿ ಒಡೆಯಿತು. "ಕೇಳುವವರು ಕದಿಯುವುದಿಲ್ಲ ಸಾಲೆಹಾಬೀ, ಕದಿಯುವವರು ಕೇಳುವುದಿಲ್ಲ. ವಾರಿಜಾ, ಇನ್ನು ನಾನು ಈ ಬೇಲಿ ದಾಟುವುದಿಲ್ಲ."

ಅವರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಹೋದರು. ಈ ಬಯಲಿನಲ್ಲಿ ವಾರಿಜಾಕ್ಷಿಗೆ ಇದ್ದದ್ದು ಅವರೊಬ್ಬರೇ ಗೆಳತಿ.

ಮುಸ್‌ಅಬ್ ಖರ್ಜೂರದ ನೆರಳಿನಲ್ಲಿ ಗಹ್ವಾ, ಅಂದರೆ ಅರಬಿ ಕಾಫಿ, ಕುಡಿಯುತ್ತಿದ್ದರು. ಸಾಲೆಹಾ ಅಕ್ಕನ ಅರಬಿ ಅವರ ಕನ್ನಡದಷ್ಟೇ ಸಲೀಸು.

"ನೀವು ಈ ತರಕಾರಿ ಜಾಗಕ್ಕೆ ಮೇವಿನ ಕುದುರೆಮೆಂತೆ ಹಾಕುತ್ತೇನೆ ಎಂದಿರಂತೆ?"

"ಹೇಳಿದ್ದೆ. ಆಮೇಲೆ ನೋಣಯ ಹರಿವೆ ಸೊಪ್ಪಿನ ಪಲ್ಯ ತಿನ್ನಿಸಿದ. ಅಲ್ಲಿಗೆ ಮಾತು ಮುಗಿಯಿತು," ಎಂದು ನಕ್ಕರು.

"ತೂಗುತ್ತಿದ್ದ ಕಾಯಿಯನ್ನು ಮುಟ್ಟಿದ್ದೀರಾ?"

"ಶೆಡ್ಡಿಗೆ ಹೋದಾಗಲೆಲ್ಲ ಒಮ್ಮೆ ತಟ್ಟುತ್ತೇನೆ, ಮಗುವಿನ ತಲೆ ತಟ್ಟಿದ ಹಾಗೆ. ನಿನ್ನೆಯೂ ತಟ್ಟಿದೆ. ಗಟ್ಟಿಯಾಗಿಯೇ ಇತ್ತು."

"ಯಾವಾಗಲೂ ಗಟ್ಟಿಯೇ?"

ಮುಸ್‌ಅಬ್ ಯೋಚಿಸಿದರು. "ಇಲ್ಲ. ಜನವರಿಯಲ್ಲಿ ನೀರು ಹೆಪ್ಪುಗಟ್ಟಿತಲ್ಲ, ಆಗ ಮೆತ್ತಗಾಗಿತ್ತು. ನೋಣಯನಿಗೂ ಹೇಳಿದೆ. ಆಮೇಲೆ ಅದೇ ಮತ್ತೆ ಗಟ್ಟಿಯಾಯಿತು. ದೇವರ ಮಹಿಮೆ!"

"ದೇವರ ಮಹಿಮೆ," ಎಂದು ಸಾಲೆಹಾ ಅಕ್ಕ ತಲೆಯಾಡಿಸಿದರು. ನಾನು ಆಕಳಿಸಿದೆ.

ಕೊನೆಗೆ ನೋಣಯಣ್ಣನ ಸರದಿ. ಬೆಳಗಿನಿಂದ ಆ ಮನುಷ್ಯ ಗುದ್ದಲಿಯ ಮೇಲೆ ಕೈಯಿಟ್ಟು ನಿಂತಿದ್ದರು. ಅವರನ್ನು ಪ್ರಶ್ನೆ ಕೇಳುವ ಬದಲು ಸಾಲೆಹಾ ಅಕ್ಕ, "ತೋಟ ತೋರಿಸಿ," ಎಂದುಬಿಟ್ಟರು. ಇದೆಂಥ ತನಿಖೆ ಮಾರಾಯ್ರೆ? ಆದರೂ ಹಿಂದೆ ಹಿಂದೆ ನಡೆದೆ. ಬಿಸಿಲು ಏರುತ್ತಿತ್ತು, ಮಣ್ಣಿನ ಒದ್ದೆ ವಾಸನೆಗೆ ನನ್ನ ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ನೋಣಯಣ್ಣನ ಮಾತು ದೂರದ ರೇಡಿಯೋದಿಂದ ಬಂದ ಹಾಗೆ ಕೇಳುತ್ತಿತ್ತು.

"ಇದು ಬದನೆ ಸಸಿ... ಇಗೊಳ್ಳಿ, ಸೋರೆ ಮಿಡಿ ಬಿಟ್ಟಿದೆ," ಎಂದು ತೋರುಬೆರಳು ಮಡಚಿ ತೋರಿಸಿದರು. "ಅಲ್ಲಿ ಹರಿವೆ. ಆಚೆ ಮೂಲಂಗಿ," ಎಂದು ಕೈ ಚಾಚಿದರು.

"ಪಂಪ್ ಮನೆಯ ಹಿಂದೆ?"

"ಅಲ್ಲಿಯಾ?" ಮಡಚಿದ ಬೆರಳನ್ನು ಅತ್ತ ಆಡಿಸಿದರು. "ಅಲ್ಲಿ ಎಂತದೂ ಇಲ್ಲಕ್ಕ. ಹಳೇ ಪೈಪು, ಕಸ."

"ಸರಿ," ಎಂದರು ಸಾಲೆಹಾ ಅಕ್ಕ. "ಕಳ್ಳ ಸಿಕ್ಕಿದ."

ನನ್ನ ನಿದ್ದೆ ಹಾರಿಹೋಯಿತು.

ಶೆಡ್ಡಿಗೆ ಮರಳಿದ ಮೇಲೆ ಅವರು ವಾರಿಜಾಕ್ಷಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು.

"ನೋಡು ವಾರಿಜಾ. ಹೊರಗಿನ ಕಳ್ಳನಿಗೆ ಈ ಬಾಟಲಿಯ ಚಾಕರಿ ಯಾಕೆ? ಕಿತ್ತುಕೊಂಡು ಓಡಿದರೆ ಮುಗಿಯಿತು. ಇಲ್ಲಿ ಒಬ್ಬರು ಕಾಯಿಯಷ್ಟೇ ಉದ್ದದ ಬಾಟಲಿ ಹುಡುಕಿದ್ದಾರೆ. ಅಷ್ಟೇ ಭಾರವಾಗಲಿ ಅಂತ ಮರಳು ತುಂಬಿದ್ದಾರೆ. ಅದೇ ನಾರು ಸುತ್ತಿ ಅದೇ ಜಾಗದಲ್ಲಿ ಕಟ್ಟಿದ್ದಾರೆ. ಖಾಲಿ ತೊಲೆ ಕಂಡರೆ ನಿನಗೆ ಸಂಕಟ ಆದೀತು ಅಂತ ಹೆದರಿದವರ ಕೆಲಸ ಇದು."

"ಯಾವಾಗ ಆದದ್ದು?" ವಾರಿಜಾಕ್ಷಿ ಕೇಳಿದಳು.

"ಜನವರಿಯಲ್ಲಿ. ಮೆತ್ತಗಾದ ಸೌತೆಕಾಯಿ ಮತ್ತೆ ಗಟ್ಟಿಯಾದದ್ದು ಎಲ್ಲಾದರೂ ಉಂಟಾ? ಮುಸ್‌ಅಬ್ ಆಮೇಲೆ ತಟ್ಟಿದ್ದು ಬಾಟಲಿಯನ್ನು."

"ಯಾರು?" ನಾನು ಕೇಳಿದೆ.

"ಶರ್ಮಿಳಾ, ಎಳೆ ಮಿಡಿಯನ್ನು ನೀನು ಹೇಗೆ ತೋರಿಸ್ತಿ?"

"ಬೆರಳು ಮಡಚಿ. ನೆಟ್ಟಗೆ ತೋರಿಸಿದರೆ ಕೊಳೆಯುತ್ತದಲ್ಲ."

"ಭಟ್ಕಳದಲ್ಲಿ ನನ್ನ ಅಜ್ಜಿ ಕೂಡ ಅದನ್ನೇ ಹೇಳಿ ಕೈಗೆ ಹೊಡೆದದ್ದು. ನಮಗೆ ಅದು ಉಸಿರಾಡಿದ ಹಾಗೆ, ಮಾಡುವವರಿಗೂ ಗೊತ್ತಾಗುವುದಿಲ್ಲ, ನೋಡುವವರಿಗೂ ಗೊತ್ತಾಗುವುದಿಲ್ಲ. ಸೋರೆ ಮಿಡಿಗೆ ನೋಣಯಣ್ಣ ಬೆರಳು ಮಡಚಿದರು, ಸರಿ. ಹರಿವೆಗೆ, ಮೂಲಂಗಿಗೆ ಕೈ ನೆಟ್ಟಗಾಯಿತು. ಆಮೇಲೆ ಕಸದ ರಾಶಿಗೆ ಮತ್ತೆ ಮಡಚಿದರು!" ಸಾಲೆಹಾ ಅಕ್ಕ ತಿರುಗಿದರು. "ಹಳೇ ಪೈಪು ಕೊಳೆಯುತ್ತದಾ ನೋಣಯಣ್ಣ?"

ನೋಣಯಣ್ಣ ತಲೆ ತಗ್ಗಿಸಿದರು. ಪಂಪ್ ಮನೆಯ ಕಡೆ ನಡೆದರು. ನಾವೂ ಹೋದೆವು.

ಪಂಪ್ ಮನೆಯ ಹಿಂದೆ, ಬಿಸಿನೀರಿನ ಪೈಪು ಹಾದುಹೋಗುವ ಗೋಡೆಯ ಬುಡದಲ್ಲಿ, ಹಳೆಯ ಪ್ಲಾಸ್ಟಿಕ್ ಹಾಳೆಯ ಗುಡಾರ. ನೋಣಯಣ್ಣ ಹಾಳೆ ಸರಿಸಿದರು. ಒಳಗಿನ ಬೆಚ್ಚನೆಯ ಹಬೆ ಮುಖಕ್ಕೆ ಬಂತು. ಒಂದೇ ಒಂದು ಬಳ್ಳಿ, ಅದರಲ್ಲಿ ಒಂದೇ ಒಂದು ಮಿಡಿ. ಹಸಿರು ಮೈಮೇಲೆ ತೆಳು ಹಳದಿ ಪಟ್ಟೆ, ತುದಿಯಲ್ಲಿ ಹೂವು ಇನ್ನೂ ಅಂಟಿಕೊಂಡಿತ್ತು.

"ಆ ಚಳಿಗೆ ಕಾಯಿ ಒಳಗೇ ಕೊಳೆತಿತ್ತು," ಎಂದರು ನೋಣಯಣ್ಣ. "ಬೀಜ ನೀರಿಗೆ ಹಾಕಿದೆ. ಹೆಚ್ಚಿನದೆಲ್ಲ ಜೊಳ್ಳು, ತೇಲಿತು. ಮುಳುಗಿದ್ದು ಒಂದು ಚಿಟಿಕೆ. ಇಲ್ಲಿ ಊರಿದೆ. ಬದುಕಿದ್ದು ಇದೊಂದು. ಅಮ್ಮ ಹೋಗಿ ವರ್ಷ ತುಂಬ್ಲಿಲ್ಲ ವಾರಿಜಾ, ಇನ್ನೊಂದು ಸಾವು ನಿನಗೆ ಹೇಗೆ ಹೇಳುವುದು? ಇದು ಹಣ್ಣಾದ ಮೇಲೆ ಅದೇ ತೊಲೆಗೆ ಕಟ್ಟಿಬಿಡುವಾ ಅಂತ ಇದ್ದೆ. ನೀನು ಇಷ್ಟು ಬೇಗ ಬಿತ್ತಲಿಕ್ಕೆ ಹೊರಡ್ತಿ ಅಂತ ಅಂದಾಜಿರ್ಲಿಲ್ಲ."

ಈಗ ವಾರಿಜಾಕ್ಷಿ ಅತ್ತಳು. ಸದ್ದಿಲ್ಲದೆ, ತುಂಬ ಹೊತ್ತು. ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಅವಳ ಮಾತಿನಲ್ಲಿ ಸಿಟ್ಟಿತ್ತು.

"ನೀವು ಹೇಳಿದ್ದಿದ್ರೆ ಇಬ್ಬರೂ ಒಟ್ಟಿಗೆ ಕಾಯ್ತಿದ್ದೆವು. ಖತೀಜಮ್ಮನಿಗೆ ನಾನು ಆ ಮಾತು ಹೇಳ್ತಿರ್ಲಿಲ್ಲ."

"ತಪ್ಪಾಯ್ತು."

"ನಿಮ್ಮದು ಮಾತ್ರ ಅಲ್ಲ. ಅಮ್ಮ ಹಿತ್ತಿಲಿಗೆ ಬಂದವರಿಗೆಲ್ಲ ಬೀಜ ಕೊಡ್ತಿದ್ರು. ಯಾರಿಗೂ ಕೊಡದೆ ಗಂಟು ಹಾಕಿದ್ದು ನಾನು."

ಅವಳು ಎದ್ದು ಬೇಲಿಯ ಕಡೆ ನಡೆದಳು. ಖತೀಜಮ್ಮ ಆಚೆ ಬೆನ್ನು ಹಾಕಿ ಬಟ್ಟೆ ಹಿಂಡುತ್ತಿದ್ದರು. ತಿರುಗಲಿಲ್ಲ.

"ಖತೀಜಮ್ಮ, ನನ್ನದು ತಪ್ಪಾಯ್ತು. ಕಾಯಿ ಕೊಳೆತದ್ದಂತೆ, ಇವರೇ ತೆಗೆದದ್ದು. ಈಗ ಒಂದು ಮಿಡಿ ಉಂಟು. ಹಣ್ಣಾದ ಮೇಲೆ ಅರ್ಧ ಬೀಜ ನಿಮಗೆ."

ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಮ್ಮಲ್ಲಿ ಹಾಕಿ. ನನ್ನದು ಸತ್ತರೆ ನಿಮ್ಮ ಹತ್ರ ಬಂದು ಕೇಳ್ತೇನೆ."

"ನಾನು ಕೊಡುವುದಿಲ್ಲ ಅಂದ್ರೆ?" ಬೆನ್ನು ಹಾಕಿಯೇ ಕೇಳಿದರು ಖತೀಜಮ್ಮ.

"ಕದೀತೇನೆ."

ಖತೀಜಮ್ಮನ ಹೆಗಲು ಅಲುಗಿತು. ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಆಮೇಲೆ ತಿರುಗಿದರು.

"ಹಾಗಾದ್ರೆ ಬೇಲಿಯ ಹತ್ರವೇ ಹಾಕ್ತೇನೆ," ಎಂದರು. "ನಿನ್ನ ಕೈಗೆ ಎಟುಕ್ಬೇಕಲ್ಲ."