ಕೇಳದೆ ತೆಗೆದ ಪುಸ್ತಕ

"ಈ ತೋಳ ಹಾರೋಕೆ ಸಾಧ್ಯವೇ ಇಲ್ಲ."

ತಲೆಯ ಮೇಲಿಂದ ಬಂದ ಮಾತಿಗೆ ಅವಳು ಬೆಚ್ಚಿಬಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಒರೆಸಿಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲ ಪುಣ್ಯಾತ್ಮ.

ಪ್ರಾಣಿಗಳ ಆಸ್ಪತ್ರೆಯ ರಿಸೆಪ್ಷನ್ ಅವಳ ಕೆಲಸದ ಜಾಗ. ಊಟದ ಬಿಡುವಿನಲ್ಲಿ ಓದುತ್ತಿದ್ದದ್ದು ಒಂದು ಮಾಯಾಲೋಕದ ಕಾದಂಬರಿ. ಅದರಲ್ಲಿ ಮದ್ದು ಅರೆಯುವ ಹುಡುಗಿಯೊಬ್ಬಳು ಶತ್ರು ರಾಜಕುಮಾರನ ರೆಕ್ಕೆಯ ತೋಳಕ್ಕೆ ನಾಟಿದ ಬಾಣ ಕೀಳುತ್ತಿದ್ದಾಳೆ. ದೀಪ ಹಿಡಿದು ನಿಂತ ರಾಜಕುಮಾರ ಇನ್ನೇನು ಮನಸ್ಸು ಬಿಚ್ಚಬೇಕು... ಅಷ್ಟರಲ್ಲಿ ಈ ಮಾತು.

"ಇಷ್ಟು ದಪ್ಪ ಮೈಗೆ ಇಷ್ಟೇ ರೆಕ್ಕೆ ಸಾಲಲ್ಲ. ಎದೆ ಮೂಳೆ ತಡೆಯಲ್ಲ," ಪುಟದಲ್ಲಿದ್ದ ಚಿತ್ರ ತೋರಿಸಿ ನಕ್ಕ, ಆವತ್ತೇ ಕೆಲಸಕ್ಕೆ ಸೇರಿದ್ದ ಹೊಸ ಡಾಕ್ಟರ್.

"ಡಾಕ್ಟ್ರೇ, ಇದು ನಿಮ್ಮ ಪೇಷಂಟ್ ಅಲ್ಲ. ನಿಮ್ಮ ಪೇಷಂಟ್ ಒಳಗೆ ಬೊಗಳ್ತಾ ಇದೆ. ಹೋಗಿ ನೋಡಿ."

ಅವನ ನಗು ಅಲ್ಲೇ ನಿಂತಿತು. ತೆಪ್ಪಗೆ ಒಳಗೆ ಹೋದ.

ಅವಳ ಎದೆ ಮಾತ್ರ ಬಹಳ ಹೊತ್ತು ಕುದಿಯುತ್ತಲೇ ಇತ್ತು. ಈ ನಗು ಅವಳಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ, ಮದುವೆ ಗೊತ್ತಾಗಿದ್ದ ಹುಡುಗ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಅವಳ ಪಕ್ಕದಲ್ಲಿದ್ದ ಪುಸ್ತಕ ಎತ್ತಿಕೊಂಡು ಪ್ರೇಮದ ಸಾಲುಗಳನ್ನು ಮೂಗಿನ ದನಿಯಲ್ಲಿ ಅಣಕಿಸುತ್ತ ಓದಿದ್ದ. "ಮೂವತ್ತಾಗ್ತಾ ಬಂತು, ಇನ್ನೂ ಮಕ್ಕಳ ಕಥೆ," ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಅವಳ ಸ್ವಂತ ಅಣ್ಣನೂ ಸೇರಿ. ಮಾರನೇ ದಿನ ಉಂಗುರ ವಾಪಸ್ ಕೊಟ್ಟು ಬಂದಾಗ ಅಮ್ಮ ಕೇಳಿದ್ದರು, "ಒಂದು ಪುಸ್ತಕಕ್ಕೋಸ್ಕರ ಮದುವೆ ಮುರ್ಕೊಂಡ್ಯಾ?"

ಪುಸ್ತಕಕ್ಕೋಸ್ಕರ ಅಲ್ಲಮ್ಮ, ನನಗೋಸ್ಕರ... ಎಂದು ಅವತ್ತು ಹೇಳಲು ಬಾಯಿ ಬಂದಿರಲಿಲ್ಲ.

ಹೊಸ ಡಾಕ್ಟರ್ ಕೆಲಸದಲ್ಲಿ ಒಳ್ಳೆಯವನೇ. ಗುರುಗುಟ್ಟುವ ಬೆಕ್ಕಿಗೂ "ಏನಮ್ಮಾ, ನೋಯ್ತಾ?" ಎಂದು ಕೇಳಿಯೇ ಸೂಜಿ ಚುಚ್ಚುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಅವಳ ಕೋಪ ಕರಗಲು ಹೊರಡುತ್ತಿತ್ತು. ಅಷ್ಟರಲ್ಲಿ ಅವನು ಬಂದು, "ತೋಳ ಹೇಗಿದೆ ಈಗ?" ಎನ್ನುತ್ತಿದ್ದ.

'ಚುಡಾಯಿಸೋಕೆ ನಾನೇ ಸಿಕ್ಕಿದ್ನಾ ಇವನಿಗೆ?'

"ಇದೆ," ಎಂದು ಮುಖ ತಿರುಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಔಷಧದ ಡಬ್ಬಗಳನ್ನು ಎಣಿಸಿಟ್ಟು ಬಂದು ನೋಡಿದರೆ ಮೇಜಿನ ಮೇಲೆ ಪುಸ್ತಕವಿಲ್ಲ. ವಾರ್ಡಿನಿಂದ ಡಾಕ್ಟರನ ದನಿ ಕೇಳಿಸಿತು. ರಾಜಕುಮಾರನ ಮಾತು! ಅವಳು ಮತ್ತೆ ಮತ್ತೆ ಓದಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತು. ಜೊತೆಗೆ ಆಯಾ ಕಿಸಕ್ಕನೆ ನಕ್ಕ ಸದ್ದು.

ಅವಳ ಮೈ ಉರಿದುಹೋಯಿತು. ಸರಸರ ಒಳಗೆ ಹೋಗಿ ಅವನ ಕೈಯಿಂದ ಪುಸ್ತಕ ಕಸಿದುಕೊಂಡಳು.

"ಇನ್ನೊಬ್ಬರ ವಸ್ತು ಕೇಳದೆ ಮುಟ್ಟಬಾರದು ಅಂತ ನಿಮಗೆ ಯಾರೂ ಹೇಳಿಕೊಟ್ಟಿಲ್ವಾ?"

"ಒಂದು ನಿಮಿಷ, ನಾನು..."

"ಬೇಡ. ನಗೋಕೆ ನಿಮಗೆ ಬೇರೆ ಏನೂ ಸಿಗಲಿಲ್ಲ ಅಲ್ವಾ?"

ನೆಟ್ಟಗೆ ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋಗಿ, ತನ್ನನ್ನು ಇನ್ನೊಂದು ಶಾಖೆಗೆ ಹಾಕಿ ಎಂದಳು. "ನಾಳೆಯಿಂದಲೇ ಹೋಗು. ಅಲ್ಲಿ ಜನ ಬೇಕಾಗಿದ್ದಾರೆ," ಎಂದರು ಅವರು.

ಅವಳು ಚೀಲ ತುಂಬಿಕೊಳ್ಳುತ್ತಿದ್ದಾಗ ಆಯಾ ಬಂದು ಎದುರಿಗೆ ನಿಂತಳು. ಅಮ್ಮನ ವಯಸ್ಸಿನ ಹೆಂಗಸು.

"ಯಾರೋ ಪಾಪಿಗಳು ಬಿಸಿನೀರು ಎರಚಿದ್ದಾರಲ್ಲ ಆ ಕಂದು ನಾಯಿ, ಅದು ಯಾರನ್ನೂ ಹತ್ರ ಸೇರಿಸ್ತಿರಲಿಲ್ಲ ಮಗಳೇ. ಒಂದೇ ಸಮನೆ ಯಾರಾದ್ರೂ ಮೆಲ್ಲಗೆ ಮಾತಾಡ್ತಿದ್ರೆ ಮಾತ್ರ ಸುಮ್ಮನಿರುತ್ತೆ. ನಾನು ಪಟ್ಟಿ ಬದಲಾಯಿಸೋ ತನಕ ಡಾಕ್ಟ್ರು ಓದ್ತಾ ಕೂತಿದ್ರು."

"ಮತ್ತೆ ನೀವ್ಯಾಕೆ ನಕ್ಕಿದ್ದು?"

"ಅಯ್ಯೋ, ಆ ರಾಜಕುಮಾರ ಹುಡುಗಿ ಹೆಸರು ಹಿಡಿದು ಕರೀತಾನಲ್ಲ, ಅಲ್ಲಿ ಡಾಕ್ಟ್ರು ನಿನ್ನ ಹೆಸರು ಓದಿಬಿಟ್ರು. ಆಮೇಲೆ ಗೊತ್ತಾಗಿ ಕಿವಿಯೆಲ್ಲ ಕೆಂಪು. ನಗದೆ ಏನು ಮಾಡ್ಲಿ?"

ಅವಳ ಕೈ ಚೀಲದ ಮೇಲೆಯೇ ನಿಂತುಬಿಟ್ಟಿತು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವನೇ ಮೇಜಿನ ಹತ್ತಿರ ಬಂದ. ಅಂಗಿಯ ತೋಳಿನಲ್ಲಿ ನಾಯಿಯ ಕೂದಲು ಅಂಟಿತ್ತು.

ಅವಳೇ ಮೊದಲು ಮಾತಾಡಿದಳು. "ಆಯಾ ಎಲ್ಲಾ ಹೇಳಿದ್ರು. ಕಾರಣ ಒಳ್ಳೇದೇ ಇರಬಹುದು. ಆದ್ರೂ ನನ್ನನ್ನ ಕೇಳಬೇಕಿತ್ತು."

"ಹೌದು, ಕೇಳಬೇಕಿತ್ತು. ತಪ್ಪು ನನ್ನದು."

ಅವಳು ಕಾದಳು. 'ತಮಾಷೆಗೆ', 'ಇಷ್ಟಕ್ಕೆಲ್ಲಾ ಕೋಪಾನಾ' ಎಂಬ ಬಾಲ ಇನ್ನೇನು ಬಂತು ಎಂದು. ಬರಲೇ ಇಲ್ಲ. ಅಣ್ಣ ಇವತ್ತಿಗೂ ಹೇಳದ ಮಾತನ್ನು ಇವನು ಇಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ.

"ಮೊದಲ ದಿನ ನಕ್ಕಿದ್ದು?" ಅವಳು ಕೇಳಿದಳು.

"ನೀವು ಅಳ್ತಾ ಇದ್ರಿ. ಒಂದು ಕಥೆಗೆ ಇಷ್ಟು ಮನಸ್ಸು ಕೊಡೋರನ್ನ ನಾನು ನೋಡಿರಲಿಲ್ಲ. ಮಾತಾಡಿಸ್ಬೇಕು ಅನ್ನಿಸ್ತು... ಬಾಯಿಗೆ ಬಂದಿದ್ದು ಎದೆ ಮೂಳೆ."

ಅವಳಿಗೆ ನಗು ಬಂತು. ಬಿಗಿಹಿಡಿದಳು.

"ನಾಳೆಯಿಂದ ನೀವು ಬರಲ್ಲ ಅಂದ್ರು," ಅವನು ತಲೆ ತಗ್ಗಿಸಿದ. "ಅದಕ್ಕೇ ಈಗಲೇ ಹೇಳ್ತೀನಿ. ರಾಜಕುಮಾರನ ಹಾಗೆ ಮಾತಾಡೋಕೆ ನನಗೆ ಬರಲ್ಲ. ನೀವು ಇಲ್ಲಿ ಕೂತಿದ್ರೆ ನನಗೆ ಆಸ್ಪತ್ರೆಗೆ ಬರೋಕೆ ಖುಷಿ. ನೀವು ಅಂದ್ರೆ ಇಷ್ಟ."

"ಅಷ್ಟೇನಾ?"

"ಇನ್ನೊಂದು ಕೇಳಬೇಕು ಅಂತಿದ್ದೆ. ನಿಮಗೆ ಕೋಪ ಇಳಿದ ಮೇಲೆ ಕೇಳೋಣ ಅಂತ..."

"ಕೋಪ ಇನ್ನೂ ಇದೆ," ಎಂದಳು. ಕಣ್ಣು ತುಂಬಿ ಬಂದಿತ್ತು. ಈ ಸಲ ಒರೆಸಿಕೊಳ್ಳಲು ಅವಳಿಗೆ ಅವಸರವಿರಲಿಲ್ಲ. "ಆದ್ರೂ ಕೇಳಿ."

"ನನ್ನನ್ನ ಮದುವೆ ಆಗ್ತೀರಾ?" ಅವನು ಕೇಳಿದ.

"ಹೂಂ," ಎಂದಳು ಅವಳು.